ನಾವೀನ್ಯ ಫೈಲಿನಲ್ಲಿ, ಡಿಕ್ಟೇಶನ್ ತರಗತಿಯಲ್ಲಿ

ರಾಜ್ಯದ ಪದವಿ ಕಾಲೇಜುಗಳಲ್ಲಿ ‘ನವೀನ ಬೋಧನಾ ಪದ್ಧತಿ’ಯ ಹೆಸರಿನಲ್ಲಿ ಈಚಿನ ವರ್ಷಗಳಲ್ಲಿ ನಡೆದಿರುವುದು ಬಹುಮಟ್ಟಿಗೆ ಕಾಗದದ ಕೆಲಸ. ಅಧ್ಯಾಪಕರಿಗೆ ಆಸಕ್ತಿಯಿಲ್ಲ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಇಲ್ಲಿ ಮೊದಲ ತಪ್ಪಿತಸ್ಥ ಸರ್ಕಾರ. ಆಗ ಇದ್ದ ಸರ್ಕಾರವೂ ಹೌದು, ಈಗ ಇರುವುದೂ ಹೌದು.

ಪದವಿ ಹಂತದಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಜಾರಿಗೆ ತಂದ ಮೊದಲ ರಾಜ್ಯ ಎನಿಸಿಕೊಳ್ಳುವ ಆತುರ 2021ರಲ್ಲಿ ಕರ್ನಾಟಕಕ್ಕಿತ್ತು. ಆಗಸ್ಟ್‌ನಲ್ಲಿ ಆದೇಶ ಹೊರಟಿತು, ಅದೇ ವರ್ಷ ತರಗತಿಯೂ ಶುರುವಾಯಿತು. ನಾಲ್ಕು ವರ್ಷದ ಆನರ್ಸ್, ಓಪನ್ ಎಲೆಕ್ಟಿವ್, ಡಿಜಿಟಲ್ ಫ್ಲೂಯೆನ್ಸಿ ಎಲ್ಲವೂ ಒಟ್ಟಿಗೇ ಬಂದವು. ಇವನ್ನು ಕಲಿಸುವವರು ಯಾರು ಎಂಬ ಪ್ರಶ್ನೆಗೆ ಮಾತ್ರ ಆದೇಶದಲ್ಲಿ ಜಾಗವಿರಲಿಲ್ಲ. ಹಲವೆಡೆ ಡಿಜಿಟಲ್ ಫ್ಲೂಯೆನ್ಸಿಯ ಪಾಠ ಕಾರ್ಯಭಾರ ಕಡಿಮೆ ಇದ್ದವರ ತಲೆಗೆ ಬಿತ್ತು.

ಆದರೂ ಆ ಗದ್ದಲದೊಳಗೆ ಒಂದು ನಿಜವಾದ ಬದಲಾವಣೆ ಇತ್ತು. ನೂರು ಅಂಕಗಳಲ್ಲಿ 60 ಸೆಮಿಸ್ಟರ್ ಪರೀಕ್ಷೆಗೆ, 40 ಆಂತರಿಕ ಮೌಲ್ಯಮಾಪನಕ್ಕೆ ಎಂದು ನಿಗದಿಯಾಯಿತು. ಸೆಮಿನಾರ್, ಪ್ರಾಜೆಕ್ಟ್, ಕ್ಷೇತ್ರಕಾರ್ಯ, ಗುಂಪು ಚರ್ಚೆಗಳಿಗೆ ಅಂಕಪಟ್ಟಿಯಲ್ಲಿ ತೂಕ ಸಿಕ್ಕಿತು. ನಮ್ಮಲ್ಲಿ ಪಾಠ ಹೇಗಿರಬೇಕೆಂದು ನಿರ್ಧರಿಸುವುದು ಪ್ರಶ್ನೆಪತ್ರಿಕೆಯೇ ಹೊರತು ಕಾರ್ಯಾಗಾರವಲ್ಲ. ಪರೀಕ್ಷೆ ಕೇಳದಿರುವುದನ್ನು ಯಾವ ವಿದ್ಯಾರ್ಥಿಯೂ ಕಲಿಯುವುದಿಲ್ಲ, ಬಹುಪಾಲು ಅಧ್ಯಾಪಕರು ಕಲಿಸುವುದೂ ಇಲ್ಲ.

ಆ 40 ಅಂಕ ದುರುಪಯೋಗವಾಯಿತು ಎಂಬುದು ಸುಳ್ಳಲ್ಲ. ಹಾಜರಾತಿ ನೋಡಿ, ಮುಖ ನೋಡಿ, ಒಮ್ಮೊಮ್ಮೆ ಏನನ್ನೂ ನೋಡದೆ 35, 38 ಎಂದು ತುಂಬಿ ಕಳಿಸಿದ ಕಾಲೇಜುಗಳಿವೆ. ಅದಕ್ಕೆ ಸಿಕ್ಕ ಪರಿಹಾರವೇನು? 2024ರ ಮೇ ತಿಂಗಳಲ್ಲಿ ಮೂರು ವರ್ಷದ ಪದವಿ ಮರಳಿತು. ಅದರ ಜತೆಗೆ ವಿಶ್ವವಿದ್ಯಾಲಯಗಳ ಹೊಸ ಪಠ್ಯಕ್ರಮದಲ್ಲಿ ಹೆಚ್ಚಿನೆಡೆ 80:20ರ ಲೆಕ್ಕ ಬಂದು ಕೂತಿತು. ನೆಗಡಿಯಾಯಿತೆಂದು ಮೂಗನ್ನೇ ಕೊಯ್ದಂತಾಯಿತು. ನಾಲ್ಕನೇ ವರ್ಷ ಬೇಕೋ ಬೇಡವೋ ಎಂಬುದರ ಮೇಲೆ ರಾಜ್ಯವಿಡೀ ವಾದ ಮಾಡಿತು. ಅತ್ತ ಆಂತರಿಕ ಅಂಕ ಅರ್ಧಕ್ಕಿಳಿದಾಗ ವಿಧಾನ ಮಂಡಲದಲ್ಲೂ ಬೀದಿಯಲ್ಲೂ ಹೇಳಿಕೊಳ್ಳುವಂಥ ಸದ್ದೇನೂ ಏಳಲಿಲ್ಲ. ಮೂರು ವರ್ಷದ ಪ್ರಯೋಗದಲ್ಲಿ ಯಾವುದು ಫಲ ಕೊಟ್ಟಿತು, ಯಾವುದು ಕೆಟ್ಟಿತು ಎಂದು ವಿಂಗಡಿಸಿ ನೋಡಿ ಉಳಿಸಿಕೊಳ್ಳಬೇಕಿತ್ತು. ರಾಜಕೀಯದ ಲೆಕ್ಕವೇ ಮುಂದಾದಾಗ ಅಂಥ ತಾಳ್ಮೆ ಯಾರಿಗೂ ಇರುವುದಿಲ್ಲ.

ಹೊಸ ವಿಧಾನಗಳಿಂದ ಪ್ರಯೋಜನವಿಲ್ಲ ಎನ್ನುವ ಹಿರಿಯ ಪ್ರಾಧ್ಯಾಪಕರಿಗೂ ಒಂದು ಮಾತು. ವಿಜ್ಞಾನ, ಎಂಜಿನಿಯರಿಂಗ್, ಗಣಿತ ತರಗತಿಗಳ ಬಗೆಗಿನ 225 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2014ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಬರೀ ಉಪನ್ಯಾಸ ಕೇಳುವ ತರಗತಿಯಲ್ಲಿ ನಪಾಸಾಗುವ ಸಂಭವ, ವಿದ್ಯಾರ್ಥಿಗಳೇ ಕೆಲಸ ಮಾಡುವ ತರಗತಿಗಿಂತ ಒಂದೂವರೆ ಪಟ್ಟು ಎಂದು ಅದು ಕಂಡುಕೊಂಡಿತು. ಅಂಥ ತರಗತಿಗೆ ದುಬಾರಿ ಸಲಕರಣೆಯೂ ಬೇಕಿಲ್ಲ. ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದಲ್ಲಿ ರೂಢಿಗೆ ತಂದ ಕ್ರಮ ನೋಡಿ: ಪಾಠದ ನಡುವೆ ಒಂದು ಪ್ರಶ್ನೆ ಹಾಕುವುದು, ಪ್ರತಿಯೊಬ್ಬರೂ ತಮ್ಮ ಉತ್ತರ ತೋರಿಸುವುದು, ಪಕ್ಕದವರೊಡನೆ ವಾದ ಮಾಡುವುದು, ಮತ್ತೆ ಉತ್ತರ ಹೇಳುವುದು. ಎಷ್ಟು ಮಂದಿ ತಪ್ಪಿದರು ಎಂಬುದು ಅಧ್ಯಾಪಕರಿಗೆ ಅಲ್ಲೇ ಗೊತ್ತಾಗುತ್ತದೆ. ಇದಕ್ಕೆ ಸ್ಮಾರ್ಟ್ ಬೋರ್ಡ್ ಬೇಡ, ಬೆರಳೆತ್ತಿದರೂ ಸಾಕು.

ಬೇಕಾದದ್ದು ಒಳ್ಳೆಯ ಪ್ರಶ್ನೆ, ಮತ್ತು ಆ ತಪ್ಪುಗಳನ್ನು ನೆನಪಿಟ್ಟುಕೊಂಡು ಮುಂದಿನ ವಾರವೂ ಅದೇ ತರಗತಿಗೆ ಬರುವ ಅಧ್ಯಾಪಕ. ಸರ್ಕಾರಿ ಕಾಲೇಜುಗಳಲ್ಲಿ ಇಲ್ಲದಿರುವುದು ಇಂಥ ಅಧ್ಯಾಪಕರೇ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಡೆಯುತ್ತಿರುವುದು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಹೆಗಲ ಮೇಲೆ. ವರ್ಷ ವರ್ಷ ಹೊಸದಾಗಿ ಅರ್ಜಿ, ಹೊಸದಾಗಿ ಕೌನ್ಸೆಲಿಂಗ್. ತರಗತಿ ಶುರುವಾಗಿ ವಾರಗಳು ಕಳೆದರೂ ನೇಮಕಾತಿ ಪಟ್ಟಿ ಬಾರದ ವರ್ಷಗಳಿವೆ. 2022ರ ಆರಂಭದಲ್ಲಿ ಗೌರವಧನ ಏರಿಸುವಾಗಲೇ ವಾರದ ಕಾರ್ಯಭಾರವನ್ನೂ ಏರಿಸಿ, ಒಬ್ಬರ ಸಂಬಳಕ್ಕೆ ಇನ್ನೊಬ್ಬರ ಕೆಲಸ ಕಳೆಯಲಾಯಿತು. ಖಾಯಂ ಮಾಡಿ ಎಂದು 2023ರ ನವೆಂಬರ್‌ನಲ್ಲಿ ಹೂಡಿದ ಮುಷ್ಕರ ಹೊಸ ವರ್ಷಕ್ಕೂ ಮುಂದುವರಿದು, ತುಮಕೂರಿನಿಂದ ಬೆಂಗಳೂರಿಗೆ ಪಾದಯಾತ್ರೆಯಾಯಿತು. ಗೌರವಧನ ಸ್ವಲ್ಪ ಏರಿತು, ಹುದ್ದೆ ಖಾಯಂ ಆಗಲಿಲ್ಲ. ಬರುವ ಜೂನ್‌ನಲ್ಲಿ ತಾನು ಯಾವ ಊರಿನಲ್ಲಿರುತ್ತೇನೆಂದು ಗೊತ್ತಿಲ್ಲದವರಿಂದ ‘ಅನುಭವಾತ್ಮಕ ಕಲಿಕೆ’ ಕೇಳುವುದಕ್ಕೆ ಮುಖ ಬೇಕು.

ಆದರೂ ಅವರು ಕೊಡಬೇಕು, ಏಕೆಂದರೆ ಕಾಲೇಜುಗಳಿಗೆ ಶ್ರೇಣಿ ಕೊಡುವ ನ್ಯಾಕ್ ಕೇಳುತ್ತದೆ. ಅನುಭವಾತ್ಮಕ ಕಲಿಕೆ, ಸಹಭಾಗಿ ಕಲಿಕೆ, ಸಮಸ್ಯೆ ಬಿಡಿಸುವ ವಿಧಾನ, ಎಲ್ಲಕ್ಕೂ ಮಾನದಂಡಗಳಲ್ಲಿ ಒಂದೊಂದು ಕಲಂ ಇದೆ. ಎಲ್ಲಕ್ಕೂ ದಾಖಲೆ ಬೇಕು, ಜಿಯೋಟ್ಯಾಗ್ ಆದ ಫೋಟೊ ಬೇಕು. ಕಾಲೇಜಿನ ಆಂತರಿಕ ಗುಣಮಟ್ಟ ಕೋಶದ (ಐಕ್ಯೂಎಸಿ) ಸಂಯೋಜಕರು ಪಾಠ ಬಿಟ್ಟು ಫೋಟೊ ಜೋಡಿಸುತ್ತಾರೆ. ನ್ಯಾಕ್‌ನ ಪೀರ್ ಟೀಮ್ ಕಾಲೇಜಿಗೇ ಬರುತ್ತಿದ್ದಾಗ ಆ ವಾರ ಬಣ್ಣ ಬಳಿಯುತ್ತಿದ್ದರು, ಹೂಕುಂಡ ಇಡುತ್ತಿದ್ದರು. ತಂಡ ಹೋದ ಮರುದಿನ ಮತ್ತೆ ನೋಟ್ಸ್ ಡಿಕ್ಟೇಶನ್. ಬೆಂಗಳೂರಿನಲ್ಲೇ ಕಚೇರಿ ಇರುವ ನ್ಯಾಕ್‌ನ ತಪಾಸಣಾ ತಂಡದವರನ್ನು ಆಂಧ್ರದ ಖಾಸಗಿ ಸಂಸ್ಥೆಯೊಂದಕ್ಕೆ ಒಳ್ಳೆಯ ಶ್ರೇಣಿ ಕೊಡಲು ಲಂಚ ಪಡೆದ ಆರೋಪದ ಮೇಲೆ ಸಿಬಿಐ 2025ರ ಫೆಬ್ರುವರಿಯಲ್ಲಿ ಬಂಧಿಸಿತು. ನ್ಯಾಯಾಲಯದ ತೀರ್ಪು ಏನೇ ಬರಲಿ, ತರಗತಿಯ ಗುಣವನ್ನು ಫೈಲಿನ ದಪ್ಪದಿಂದ ಅಳೆಯುವ ವ್ಯವಸ್ಥೆ ಇಂಥದ್ದಕ್ಕೆ ಬಾಗಿಲು ತೆರೆದೇ ಇಡುತ್ತದೆ.

 

ರಾಜ್ಯದ್ದೇ ಶಿಕ್ಷಣ ನೀತಿ ರೂಪಿಸಲು ಸರ್ಕಾರ ನೇಮಿಸಿದ ಸುಖದೇವ್ ಥೋರಟ್ ನೇತೃತ್ವದ ಆಯೋಗ 2025ರ ಆಗಸ್ಟ್‌ನಲ್ಲಿ ಅಂತಿಮ ವರದಿ ಕೊಟ್ಟಿದೆ. ಅದನ್ನು ಚರ್ಚಿಸಲು ಸಮಿತಿಯ ಮೇಲೆ ಸಮಿತಿ ಮಾಡುವುದಕ್ಕೆ ಮುಂಚೆ ಉನ್ನತ ಶಿಕ್ಷಣ ಇಲಾಖೆ ಮಾಡಬೇಕಾದ ಕೆಲಸಗಳಿವೆ. ಖಾಲಿ ಇರುವ ಹುದ್ದೆಗಳಿಗೆ ಖಾಯಂ ನೇಮಕಾತಿಯ ವೇಳಾಪಟ್ಟಿ ಪ್ರಕಟಿಸಬೇಕು. ಅಲ್ಲಿಯವರೆಗೆ ಅತಿಥಿ ಉಪನ್ಯಾಸಕರಿಗೆ ಕನಿಷ್ಠ ಮೂರು ವರ್ಷ ಒಂದೇ ಕಾಲೇಜಿನಲ್ಲಿ ಕೆಲಸ ಮಾಡುವ ಆದೇಶ ಕೊಡಬೇಕು. ಆಂತರಿಕ ಅಂಕವನ್ನು ಮತ್ತೆ 40ಕ್ಕೆ ಏರಿಸಬೇಕು. ಅಂಕ ಹಂಚಿಕೆಯ ಆಟ ನಿಲ್ಲಿಸಲು ಪ್ರತಿ ಕಾಲೇಜಿನಿಂದ ಕೆಲವು ಪ್ರಾಜೆಕ್ಟ್‌ಗಳನ್ನು ಚೀಟಿ ಎತ್ತಿ ಆರಿಸಿ, ಬೇರೆ ವಿಶ್ವವಿದ್ಯಾಲಯದವರಿಂದ ಮರುಮೌಲ್ಯಮಾಪನ ಮಾಡಿಸಬೇಕು, ವ್ಯತ್ಯಾಸ ದೊಡ್ಡದಿದ್ದರೆ ಆ ಕಾಲೇಜಿನ ಆಂತರಿಕ ಅಂಕಗಳನ್ನು ತಡೆಹಿಡಿಯಬೇಕು. ಇಷ್ಟು ಮಾಡಲು ಆಗದಿದ್ದರೆ, ‘ನವೀನ’ ಎಂಬ ಪದವನ್ನು ಇಲಾಖೆ ತನ್ನ ಸುತ್ತೋಲೆಗಳಿಂದ ತೆಗೆದುಹಾಕಲಿ.