ವಚನವಷ್ಟೇ ಅಲ್ಲ, ಓಲೆಯೂ ಬೇಕು

ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಜಾನ್ ರೈಲ್ಯಾಂಡ್ಸ್ ಗ್ರಂಥಾಲಯದಲ್ಲಿ ಅಂಗೈಗಿಂತ ಚಿಕ್ಕದಾದ ಪಪೈರಸ್ ಚೂರೊಂದಿದೆ. ಎತ್ತರ ಸುಮಾರು 9 ಸೆಂಟಿಮೀಟರ್, ಅಗಲ 6. ಅದರ ಮೇಲಿರುವುದು ಯೋಹಾನನ ಸುವಾರ್ತೆಯ 18ನೆಯ ಅಧ್ಯಾಯದ ಕೆಲವು ಮುರುಕು ಸಾಲುಗಳು, ಪಿಲಾತನೆದುರು ಯೇಸುವಿನ ವಿಚಾರಣೆ ನಡೆಯುವ ಭಾಗ. 1935ರಲ್ಲಿ ಸಿ.ಎಚ್. ರಾಬರ್ಟ್ಸ್ ಇದನ್ನು ಪ್ರಕಟಿಸಿದಾಗ ಎಲ್ಲರ ಗಮನ ಹೋದದ್ದು ಅದರ ಪ್ರಾಚೀನತೆಯ ಕಡೆಗೆ. ಆದರೆ ಆ ಚೂರಿನಲ್ಲಿ ಇನ್ನೊಂದು ಸಂಗತಿಯಿದೆ. ಬರಹ ಅದರ ಎರಡೂ ಮಗ್ಗುಲಲ್ಲಿದೆ. ಅಂದರೆ ಇದು ಸುರುಳಿಯಿಂದ ಹರಿದದ್ದಲ್ಲ, ಹಾಳೆ ಮಡಚಿ ಹೊಲಿದ ಪುಸ್ತಕದ ಒಂದು ಪುಟದ ತುಣುಕು. ಮುಂದಿನ ಬದಿಗೂ ಹಿಂದಿನ ಬದಿಗೂ ನಡುವೆ ಎಷ್ಟು ಸಾಲು ಕಳೆದಿವೆ ಎಂದು ಎಣಿಸಿದರೆ ಇಡೀ ಪುಟದ ಅಳತೆಯೇ ಸಿಕ್ಕುತ್ತದೆ.

ಹೀಗೆ ಓದುವುದನ್ನು ಒಂದು ಶಾಸ್ತ್ರದ ಮಟ್ಟಕ್ಕೆ ಏರಿಸಿದವರಲ್ಲಿ ಎಡಿನ್‌ಬರೊ ವಿಶ್ವವಿದ್ಯಾಲಯದ ಲ್ಯಾರಿ ಹರ್ಟಾಡೊ ಮುಖ್ಯರು. ಆದಿ ಕ್ರೈಸ್ತರ ಹಸ್ತಪ್ರತಿಗಳನ್ನು ಕುರಿತು ಅವರು 2006ರಲ್ಲಿ ತಂದ ಗ್ರಂಥ, ಪ್ರತಿಯಲ್ಲಿ ಬರೆದದ್ದನ್ನು ಎಷ್ಟು ಗಮನಿಸುತ್ತದೋ ಪ್ರತಿಯ ಮೈಯನ್ನೂ ಅಷ್ಟೇ ಗಮನಿಸುತ್ತದೆ. ಎರಡನೆಯ ಶತಮಾನದ ಗ್ರೀಕ್ ಪ್ರತಿಗಳನ್ನು ಒಟ್ಟಾರೆ ತೆಗೆದುಕೊಂಡರೆ ಹೊಲಿದ ಪುಸ್ತಕಗಳು ನೂರಕ್ಕೆ ಐದರಷ್ಟು, ಮಿಕ್ಕವು ಹೆಚ್ಚಾಗಿ ಸುರುಳಿಗಳೇ. ಕ್ರೈಸ್ತರಲ್ಲಿ ಲೆಕ್ಕ ತಿರುವುಮುರುವು. ಗೌರವಸ್ಥರೆಲ್ಲ ಸುರುಳಿಯಲ್ಲಿ ಓದುತ್ತಿದ್ದ ಕಾಲದಲ್ಲಿ ಆ ಚಿಕ್ಕ ಸಮುದಾಯ ತನ್ನ ಪವಿತ್ರ ಗ್ರಂಥಗಳಿಗೆ ಪುಸ್ತಕದ ಆಕಾರವನ್ನೇ ಆರಿಸಿಕೊಂಡಿತು. ಪೌಲನ ಪತ್ರಗಳನ್ನೆಲ್ಲ ಒಟ್ಟಿಗೆ ಇಡಬೇಕಾಗಿ ಬಂದದ್ದೇ ಇದಕ್ಕೆ ಕಾರಣ ಎಂಬುದು ಹ್ಯಾರಿ ಗ್ಯಾಂಬಲ್ ಅವರ ವಾದ. ಎಲ್ಲರೂ ಒಪ್ಪಿಲ್ಲ. ಪ್ರಶ್ನೆ ಕೇಳಿದ ರೀತಿಯೇ ನನಗೆ ಮುಖ್ಯವೆನಿಸುತ್ತದೆ.

ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಊರಿನ ತಿಪ್ಪೆಗಳನ್ನು ಗ್ರೆನ್‌ಫೆಲ್ ಮತ್ತು ಹಂಟ್ 1896ರ ಕೊನೆಯಿಂದ ಅಗೆಯತೊಡಗಿದರು. ಅಲ್ಲಿ ಸಿಕ್ಕಿದ್ದರಲ್ಲಿ ಯೇಸುವಿನ ಬಿಡಿ ಮಾತುಗಳ ಹಾಳೆಗಳೂ ಇದ್ದವು. 1945ರಲ್ಲಿ ಅದೇ ದೇಶದ ನಾಗ್ ಹಮ್ಮಾದಿಯಲ್ಲಿ ತೋಮನ ಸುವಾರ್ತೆ ಕಾಪ್ಟಿಕ್ ಭಾಷೆಯಲ್ಲಿ ಪೂರ್ತಿಯಾಗಿ, 114 ಮಾತುಗಳೊಂದಿಗೆ, ದೊರೆತ ಮೇಲೆ ಆ ಹಾಳೆಗಳು ಯಾವ ಗ್ರಂಥದವು ಎಂದು ಗೊತ್ತಾಯಿತು. ಕಾಪ್ಟಿಕ್ ಪ್ರತಿಯಲ್ಲಿ 30ನೆಯ ಮಾತು ಒಂದು ಕಡೆ, 77ನೆಯದು ಬಹಳ ದೂರದಲ್ಲಿ. ಗ್ರೀಕ್ ಹಾಳೆಯಲ್ಲಿ 77ರ ಒಂದು ಭಾಗ 30ರ ಬೆನ್ನಿಗೇ ಅಂಟಿಕೊಂಡಿದೆ. ಮಾತು ಅದೇ, ನೆರೆಹೊರೆ ಬೇರೆ, ಆದ್ದರಿಂದ ಅರ್ಥವೂ ಬೇರೆ. ಇದೇ ಗ್ರಂಥದ ಇನ್ನೊಂದು ತುಣುಕನ್ನು ಯಾರೋ ಜಮೀನು ಸರ್ವೆಯ ಪಟ್ಟಿಯ ಬೆನ್ನಿಗೆ ಬರೆದುಕೊಂಡಿದ್ದಾರೆ. ಹೊಸ ಪಪೈರಸ್ಸಿಗೆ ದುಡ್ಡು ಹಾಕದೆ ಹಳೆಯ ಕಾಗದದಲ್ಲೇ ದೇವರ ಮಾತನ್ನು ಬರೆದಿಟ್ಟುಕೊಂಡ ಆ ಓದುಗನ ಬಗ್ಗೆ ಅಚ್ಚಾದ ಸುವಾರ್ತೆ ಏನನ್ನೂ ಹೇಳದು. (ಕನ್ನಡಿಗರಿಗೆ ಈ ತಿಪ್ಪೆಯ ಪರಿಚಯ ಬೇರೊಂದು ಕಾರಣಕ್ಕೆ ಇದೆ. ಕನ್ನಡದ ಮಾತುಗಳಿವೆ ಎಂದು ವಿದ್ವಾಂಸ ಹುಲ್ಟ್ಸ್ 1904ರಲ್ಲಿ ಸೂಚಿಸಿದ ಗ್ರೀಕ್ ಪ್ರಹಸನ ಸಿಕ್ಕಿದ್ದೂ ಅಲ್ಲಿಯೇ. ಆ ಮಾತುಗಳ ಬೆನ್ನು ಹತ್ತಿದವರಲ್ಲಿ ಮಂಜೇಶ್ವರದ ಗೋವಿಂದ ಪೈಗಳೂ ಒಬ್ಬರು. ಯೇಸುವಿನ ಕೊನೆಯ ದಿನವನ್ನು ‘ಗೊಲ್ಗೊಥಾ’ದಲ್ಲಿ ಕನ್ನಡಕ್ಕೆ ತಂದವರೂ ಅವರೇ.)

ಇಷ್ಟನ್ನೂ ಹೊಸಪೇಟೆಯ ಓದುಗರ ಮುಂದೆ ಇಡುತ್ತಿರುವುದಕ್ಕೆ ಕಾರಣವಿದೆ. ಬಿಡಿ ಮಾತುಗಳಾಗಿ ಹುಟ್ಟಿ, ಬಾಯಿಂದ ಬಾಯಿಗೆ ನಡೆದು, ತಲೆಮಾರುಗಳ ಮೇಲೆ ಕಟ್ಟಿನೊಳಗೆ ಸೇರಿದ ಸಾಹಿತ್ಯ ನಮ್ಮಲ್ಲೂ ಇದೆ, ಅದೇ ಶರಣರ ವಚನ. ಅದು ಕಟ್ಟಿಗೆ ಸೇರಿದ ಮುಖ್ಯ ಘಟ್ಟ ನಡೆದದ್ದು ನಮ್ಮ ಹಂಪಿಯ ಆಳ್ವಿಕೆಯಲ್ಲಿ. ಶರಣರು ಕಲ್ಯಾಣದಲ್ಲಿದ್ದದ್ದು 12ನೆಯ ಶತಮಾನದಲ್ಲಿ. ಇಂದು ನಮಗೆ ಸಿಗುವ ವಚನದ ಓಲೆಗಳು 15ನೆಯ ಶತಮಾನ ಮತ್ತು ಅದರ ಈಚಿನವು. ಪ್ರೌಢದೇವರಾಯನ ಕಾಲದಲ್ಲಿ ಲಕ್ಕಣ್ಣ ದಂಡೇಶ, ಜಕ್ಕಣಾರ್ಯರಂಥ ಅಧಿಕಾರಿಗಳೂ ನೂರೊಂದು ವಿರಕ್ತರೆಂದು ಹೆಸರಾದವರೂ ಚದುರಿದ್ದನ್ನು ಕೂಡಿಹಾಕಿದರು. ಸುಮ್ಮನೆ ಕೂಡಿಹಾಕಲಿಲ್ಲ, ಸ್ಥಲಗಳಾಗಿ, ಅಂದರೆ ಸಾಧನೆಯ ಮೆಟ್ಟಿಲುಗಳಾಗಿ, ಜೋಡಿಸಿದರು. ಭಕ್ತಸ್ಥಲದಲ್ಲಿ ಕೂತ ವಚನ ಒಂದು ಬಗೆಯಲ್ಲಿ ಕೇಳಿಸುತ್ತದೆ, ಅದನ್ನೇ ಐಕ್ಯಸ್ಥಲಕ್ಕೆ ಎತ್ತಿಟ್ಟರೆ ಇನ್ನೊಂದು ಬಗೆ.

‘ಶೂನ್ಯಸಂಪಾದನೆ’ಯಲ್ಲಿ ಈ ಜೋಡಣೆ ತುತ್ತತುದಿ ಮುಟ್ಟಿತು. ಶಿವಗಣಪ್ರಸಾದಿ ಮಹಾದೇವಯ್ಯ ಬಿಡಿ ವಚನಗಳನ್ನು ಎದುರುಬದುರು ನಿಲ್ಲಿಸಿ ಸಂವಾದ ಮಾಡಿದ. ಅಲ್ಲಮನ ಒಂದು ವಚನ ಪ್ರಶ್ನೆಯಾಯಿತು, ಅಕ್ಕನ ಒಂದು ವಚನ ಉತ್ತರವಾಯಿತು. ನಾವು ಇವತ್ತು ಕಣ್ಣಿಗೆ ಕಟ್ಟಿದಂತೆ ಕಾಣುವ ಅನುಭವ ಮಂಟಪದ ಮಾತುಕತೆಗೆ ಈ ಸಂಪಾದಕನ ಕೈ ತಾಗಿದೆ. ಆತನ ಪಾಠದಲ್ಲಿ ಇಲ್ಲದ ಸಿದ್ಧರಾಮನ ಇಷ್ಟಲಿಂಗ ದೀಕ್ಷೆಯ ಪ್ರಸಂಗ ಮುಂದಿನ ಪಾಠಗಳಲ್ಲಿ ಬಂದು ಸೇರಿತು. ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರು ಸಿದ್ಧವೀರಣ್ಣ ಇವರ ಪಾಠಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಒಂದು ಸಮುದಾಯ ತನ್ನನ್ನು ತಾನು ಹೇಗೆ ತಿದ್ದಿಕೊಳ್ಳುತ್ತ ಬಂತು ಎಂಬುದು ಗೊತ್ತಾಗುತ್ತದೆ. ಕ್ರೈಸ್ತ ವಿದ್ವಾಂಸರು ನಾಲ್ಕು ಸುವಾರ್ತೆಗಳನ್ನು ನೋಡುವುದೂ ಹೀಗೆಯೇ. ಇದರಿಂದ ಶರಣರ ಹಿರಿಮೆಗೆ ಕುಂದು ಬರುತ್ತದೆ ಎಂದು ಅಂಜುವವರಿದ್ದಾರೆ. ನನಗೆ ಹಾಗೆ ಅನ್ನಿಸಿಲ್ಲ. ಮುನ್ನೂರು ವರ್ಷದ ಆಚೆಯ ಮಾತುಗಳನ್ನು ಹುಡುಕಿ ತಂದು ಪ್ರಾಣದಂತೆ ಕಾಪಾಡಿದವರ ಶ್ರಮ ಕಂಡ ಮೇಲೆ ಗೌರವ ಹೆಚ್ಚೇ ಆಗುತ್ತದೆ.

ಈಗ ಓಲೆಯನ್ನೇ ನೋಡೋಣ. ಗೇಣಗಲವೂ ಇಲ್ಲದ ಉದ್ದುದ್ದ ಗರಿ. ಕಂಠವೆಂಬ ಕಬ್ಬಿಣದ ಲೇಖನಿಯಿಂದ ಕೊರೆದು, ಕಾಡಿಗೆ ಮಸಿ ಸವರಿ ಒರೆಸಿದರೆ ಅಕ್ಷರ ಕಪ್ಪಾಗಿ ಎದ್ದು ಕಾಣುತ್ತದೆ. ಪದಕ್ಕೂ ಪದಕ್ಕೂ ನಡುವೆ ಜಾಗವಿಲ್ಲ, ವಚನ ಒಂದೇ ಸಮನೆ ಹರಿಯುತ್ತದೆ. ನಾವು ಇಂದು ಕವಿತೆಯಂತೆ ಸಾಲು ಮುರಿದು ಓದುವ ವಚನದ ರೂಪ ಅಚ್ಚಿನ ಕಾಲದ್ದು. ಒಂದೇ ಕಟ್ಟಿನಲ್ಲಿ ವಚನದ ಜೊತೆ ಸ್ವರವಚನ, ಕಾಲಜ್ಞಾನ, ನಾಟಿ ಔಷಧಿಯ ಟಿಪ್ಪಣಿ ಇರುವುದುಂಟು. ಕೊನೆಯ ಗರಿಯಲ್ಲಿ ಸಂವತ್ಸರ, ಮಾಸ, ತಿಥಿ, ಬರೆದವನ ಹೆಸರು, ಯಾರಿಗಾಗಿ ಬರೆದದ್ದು ಎಂಬ ವಿವರ, ತಪ್ಪಿದ್ದರೆ ತಿದ್ದಿಕೊಳ್ಳಿರೆಂಬ ವಿನಂತಿ. ಶಕವರ್ಷ ಹಾಕದೆ ಸಂವತ್ಸರವನ್ನಷ್ಟೇ ಬರೆದಿದ್ದರೆ ಕಾಲ ಹೇಳುವುದು ಕಷ್ಟ, ಅದು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಆಗ ನೆರವಿಗೆ ಬರುವುದು ಲಿಪಿಯ ತಿರುವು, ಗರಿಯ ಜಾತಿ, ದಾರದ ತೂತಿನ ಜಾಗ.

ಅಚ್ಚು ಬಂದಾಗ ಇವೆಲ್ಲ ಹಿಂದುಳಿದವು. ನಮ್ಮ ಬಳ್ಳಾರಿ ಈ ಕಥೆಯಲ್ಲೂ ಇದೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಇಲ್ಲಿಗೆ ಬಂದು ಬೈಬಲನ್ನು ಕನ್ನಡಕ್ಕೆ ತರುವ ಕೆಲಸ ಹಿಡಿದರು. ‘ಮಂಗಳೂರ ಸಮಾಚಾರ’ ಪತ್ರಿಕೆ 1844ರಲ್ಲಿ ‘ಕನ್ನಡ ಸಮಾಚಾರ’ವಾಗಿ ಅಚ್ಚಾದದ್ದೂ ಬಳ್ಳಾರಿಯಲ್ಲೇ. ವಚನಗಳಿಗೆ ಅಚ್ಚಿನ ಭಾಗ್ಯ ದೊಡ್ಡ ಪ್ರಮಾಣದಲ್ಲಿ ಬಂದದ್ದು 1923ರಲ್ಲಿ, ವಿಜಯಪುರದ ವಕೀಲರಾದ ಫ.ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದಿಂದ. ಅವರು ಊರೂರು ಅಲೆದು ಓಲೆ ಕೂಡಿಸದಿದ್ದರೆ ನಾವು ಬರಿಗೈಯವರಾಗುತ್ತಿದ್ದೆವು. 1993ರಲ್ಲಿ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಂಪುಟದ 15 ಸಂಪುಟಗಳು ಬಂದವು. ಕಳೆದ ದಶಕದಲ್ಲಿ ನಮ್ಮ ಸಂಡೂರಿನವರೇ ಆದ ವಸುಧೇಂದ್ರ, ಓ.ಎಲ್. ನಾಗಭೂಷಣಸ್ವಾಮಿ, ಓಂಶಿವಪ್ರಕಾಶ್ ಮತ್ತು ಗೆಳೆಯರು ‘ವಚನ ಸಂಚಯ’ ಕಟ್ಟಿದರು. ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳಲ್ಲಿ ಒಂದು ಪದ ಎಲ್ಲೆಲ್ಲಿ ಬಂದಿದೆ ಎಂದು ಅದು ಕ್ಷಣದಲ್ಲಿ ತೋರಿಸುತ್ತದೆ. ಒಬ್ಬ ಪಂಡಿತ ಜೀವಮಾನವಿಡೀ ಕೂತು ಮಾಡಬೇಕಾಗಿದ್ದ ಕೆಲಸ ಅದು.

ಆದರೆ ಹುಡುಕಿದ ಪದದೊಂದಿಗೆ ವಚನ ಒಂಟಿಯಾಗಿ ಬರುತ್ತದೆ. ಯಾವ ಓಲೆಯಿಂದ ಬಂತು, ಹಿಂದೆ ಮುಂದೆ ಏನಿತ್ತು, ಯಾರು ಯಾರಿಗಾಗಿ ಬರೆದರು ಎಂಬುದು ಅದರ ಜೊತೆ ಬರುವುದಿಲ್ಲ. ಈ ಕೊರತೆಯನ್ನು ತಂತ್ರಜ್ಞಾನದ ಮೇಲೆ ಹೊರಿಸುವಂತಿಲ್ಲ. ಈಜಿಪ್ಟಿನ ಚೂರುಗಳ ಚಿತ್ರವನ್ನು ಇಂದು ಯಾರು ಬೇಕಾದರೂ ಮನೆಯಲ್ಲಿ ಕೂತು ದೊಡ್ಡದು ಮಾಡಿ ನೋಡಬಹುದು. ಅಚ್ಚಾದ ಪಾಠದ ಪಕ್ಕದಲ್ಲೇ ಗರಿಯ ಚಿತ್ರ, ಕಟ್ಟಿನ ಕ್ರಮ, ಕೊನೆಯ ಗರಿಯ ಬರಹ ಇಡುವುದು ನಮಗೂ ಸಾಧ್ಯ. ಕಮಲಾಪುರದ ಬಳಿ ವಿದ್ಯಾರಣ್ಯದಲ್ಲಿರುವ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿಗಳ ವಿಭಾಗವಿದೆ, ಬಲ್ಲವರಿದ್ದಾರೆ. ಈ ಕೆಲಸಕ್ಕೆ ಸರ್ಕಾರ ಹಣ ಕೊಡಬೇಕು, ಓಲೆ ಓದಬಲ್ಲ ಯುವಕರನ್ನು ತಯಾರು ಮಾಡಬೇಕು.

ನಮ್ಮಿಂದಲೂ ಒಂದು ಕೆಲಸ ಆಗಬೇಕು. ಹೊಸಪೇಟೆ, ಕಂಪ್ಲಿ, ಸಂಡೂರಿನ ಮನೆಗಳಲ್ಲಿ, ಮಠಗಳಲ್ಲಿ ಜಗುಲಿಯ ಮೇಲೋ ಅಟ್ಟದಲ್ಲೋ ಓಲೆಯ ಕಟ್ಟಿದ್ದರೆ ಅದಕ್ಕೆ ಅರಿಶಿನ ಕುಂಕುಮ ಬಳಿಯಬೇಡಿ, ಅಡುಗೆ ಎಣ್ಣೆ ಸವರಬೇಡಿ, ಹಳೆಯದೆಂದು ಹೊಳೆಗೆ ಬಿಡಬೇಡಿ. ದಾರ ಬಿಚ್ಚಿ ಗರಿಗಳ ಕ್ರಮ ಕೆಡಿಸದೆ, ಇದ್ದ ಹಾಗೆಯೇ ಬಲ್ಲವರಿಗೆ ತೋರಿಸಿ, ಚಿತ್ರ ತೆಗೆಯಲು ಒಪ್ಪಿ. ಕಟ್ಟು ನಿಮ್ಮ ಮನೆಯಲ್ಲೇ ಇರಲಿ.