ನದೀ ದಂಡಿಗೂ ಕುಕ್ಕರ್ ಒಯ್ಯಬೇಕೇನು?

‘ಸೆಲ್ಫ್ ಕೇಟರಿಂಗ್’ ಅಂತ ಒಂದು ಶಬ್ದ ಅದ ನೋಡ್ರಿ ವೈನೀ, ಅದನ್ನ ಹುಟ್ಟಿಸಿದವ ಗಂಡಸೇ ಇರಬೇಕು ಅಂತ ನನ್ನ ಗುಮಾನಿ. ಇಲ್ಲೆ ಬೋಟ್ಸ್ವಾನಾದಾಗ ನದೀ ದಂಡಿ ಮ್ಯಾಲಿನ ಲಾಡ್ಜ್ ಹುಡುಕೂ ಮುಂದ ನಮ್ಮ ಮನಿಯವರು ಮೊದಲ ನೋಡೂದು ಇದನ್ನ. ಅರ್ಥ ಇಷ್ಟ: ಒಲಿ, ಪಾತ್ರಿ ನಾವು ಕೊಡ್ತೀವಿ, ಅಡಗಿ ಮಾಡೋಕಿನ್ನ ನೀವ ಕರ್ಕೊಂಡು ಬರ್ರಿ.

ಗ್ಯಾಬರೋನಿನಿಂದ ಕಸಾನೆಗೆ 900 ಕಿಲೋಮೀಟರಿಗೂ ಹೆಚ್ಚು. ನಡುವ ಫ್ರಾನ್ಸಿಸ್‌ಟೌನಿನಾಗ ಒಂದು ರಾತ್ರಿ ಮಲಗಬೇಕು. ನಾಟಾ ದಾಟಿದ ಮ್ಯಾಲೆ ಸುಮಾರು 300 ಕಿಲೋಮೀಟರ್ ಆನಿ ರಸ್ತಾದ ಮ್ಯಾಲೇ ಬರ್ತಾವ, ಕತ್ತಲಾಗೂದ್ರೊಳಗ ಮುಟ್ಟಬೇಕು. ದನದ ಕಾಲುಬಾಯಿ ಬ್ಯಾನಿ ಹಬ್ಬಬಾರದಂತ ಹಾದ್ಯಾಗ ಗೇಟ್ ಇರ್ತಾವ. ಇಳದು ಚಪ್ಪಲಿ ಔಷಧದಾಗ ಅದ್ದಬೇಕು. ಮಾಂಸ ಅದ ಏನಂತ ಒಬ್ಬಾಕಿ ನಮ್ಮ ಡಬ್ಬಿ ಎಲ್ಲಾ ತೆಗಸಿದ್ಲು. ಇಡ್ಲಿಹಿಟ್ಟು, ಹುಳಿಪುಡಿ, ಲಟ್ಟಣಿಗಿ, ಎರಡು ಕುಕ್ಕರ್! ಆಕಿ ನನ್ನ ಮಾರಿ ನೋಡಿ ನಕ್ಕಳು. ಹೆಂಗಸಿಗೆ ಹೆಂಗಸೇ ತಿಳೀತಾಳ.

ಚೋಬೆ ನದಿ ಅಂದ್ರ ಸಂಜೀಮುಂದ ನೋಡಬೇಕು. ಬ್ಯಾಸಗಿಯೊಳಗ ಆನಿ ಹಿಂಡು ಹಿಂಡೇ ನೀರಿಗೆ ಇಳೀತಾವ. ನಮ್ಮತ್ತಿ ಧಾರವಾಡದಿಂದ ಮೂರು ತಿಂಗಳಿಗಂತ ಬಂದಿದ್ರು, 71 ವರ್ಷ, ಗುಡಿ ಆನಿ ಬಿಟ್ರ ಬ್ಯಾರೆ ಆನಿ ನೋಡಿದವರಲ್ಲ. ಎಲ್ಲಾರೂ ದೋಣ್ಯಾಗ ಹೋದಾಗ ಅವರೂ ನಾನೂ ಅಡಗೀಮನ್ಯಾಗ. ‘ಹುಡುಗ್ರು ಹಸಗೊಂಡು ಬರ್ತಾವ’ ಅಂತ ಅವರ ಹಟ. ಅದೂ ಕಿಡಕಿ ಹಾಕ್ಕೊಂಡು, ಯಾಕಂದ್ರ ವಾಸನಿಗೆ ಮಂಗ್ಯಾ ಒಳಗ ನುಗ್ಗತಾವ. ನದಿ ಐವತ್ತು ಹೆಜ್ಜಿ ದೂರ, ನಮಗ ಕಂಡದ್ದು ಗ್ವಾಡಿ. ಆಮ್ಯಾಲೆ ಮಗ ಮೊಬೈಲಿನಾಗ ತೋರಿಸಿದ. ಅತ್ತಿ ಮೊಬೈಲ್ ದೂರ ಹಿಡದು ‘ಭಾಳ ಅವ ಅಲಾ’ ಅಂದು ಸಾರಿಗೆ ಒಗ್ಗರಣಿ ಹಾಕಲಿಕ್ಕೆ ಎದ್ರು. ಈಗ ಊರಿಗೆ ಹೋಗ್ಯಾರ, ಮತ್ತ ಇಷ್ಟು ದೂರ ಬರ್ತಾರಂತ ನನಗ ಅನಸೂದಿಲ್ಲ.

ನಾ ಇದನ್ನ ಅಂದ್ರ ಉತ್ತರ ತಯಾರ ಇರ್ತದ. ‘ನಾನೂ ಎರಡು ದಿನ ಗಾಡಿ ಹೊಡದೀನಲ್ಲಾ.’ ಹೊಡದೀರಿ, ಖರೇ. ಆದ್ರ ನಿಮ್ಮ ಕೆಲಸ ಕೀಲಿ ತೆಗದ ಕೂಡ್ಲೆ ಮುಗೀತು, ನಮ್ಮದು ಅಲ್ಲಿಂದ ಶುರು. ‘ರೊಕ್ಕ ಉಳೀತದ.’ ಯಾರ ಮೈಮ್ಯಾಲೆ ಉಳೀತದ? ಮೀನಾ ಹಿಡಿಯೂ ಕೋಲು ಬಾಡಿಗಿ ತರೂ ಮುಂದ ಈ ಲೆಕ್ಕ ನೆನಪಾಗಂಗಿಲ್ಲ, ಅದೂ ತಿನ್ನದವರು!

ಎಲ್ಲಾಕ್ಕಿಂತ ನನಗ ಸಿಟ್ಟು ಬರೂದು ‘ನಮ್ಮ ಊಟ ಅಲ್ಲೆ ಸಿಗಂಗಿಲ್ಲ’ ಅನ್ನೂ ಮಾತಿಗೆ. ಅಲ್ರೀ, ಇವರು ಜೋಳ ತಿನ್ನೂ ಮಂದಿ! ಬೊಗೋಬೆ ಅಂದ್ರ ಜೋಳದ ಹಿಟ್ಟಿನ ಮುದ್ದಿ, ಹುಳಿ ಬರಿಸಿದ್ರ ಟಿಂಗ್, ನಮ್ಮ ಅಂಬಲಿ ಅಕ್ಕ-ತಂಗಿ ಇದ್ಧಂಗ. ದಿಕೊಬೆ ಅಂದ್ರ ಕಾಳು ಕೂಡಿಸಿ ಬೇಯಿಸಿದ್ದು. ಮೊರೊಗೊ ಅಂದ್ರ ತಪ್ಪಲಪಲ್ಯಾ. ಮಾಂಸ ಹಾಕೀರೇನು ಅಂತ ಒಂದ ಮಾತು ಕೇಳಿದ್ರ ಮುಗೀತು. ಕೇಳಲಿಕ್ಕೆ ನಾಚಿಕಿ ಅಂತ ಎರಡು ಕುಕ್ಕರ್ ಹೊತಗೊಂಡು ಹೋಗ್ತೀವಿ.

ಡಿಸೆಂಬರಿಗೆ ಮೌನಿಗೆ ಹೋಗೂದಂತ. ಮೂರೂ ಹೊತ್ತು ಊಟ ಕೂಡಿಸಿ ಬುಕ್ ಮಾಡ್ರಿ, ಇಲ್ಲಾ ಅಪ್ಪ-ಮಕ್ಕಳ ಹೋಗಿ ಬರ್ರಿ ಅಂದೀನಿ. ಎರಡೂ ಕುಕ್ಕರ್ ಈಗ ಬಾಜೂಮನಿ ಮೌಶಿ ಕಡೆ ಅವ, ಕೇಳಿದ್ರೂ ಕೊಡಬ್ಯಾಡ್ರಿ ಮೌಶಿ.