ಬಚ್ಚಲು ಕಟ್ಟಿದರೆ ಯಾರನ್ನು ಕರೆಯುತ್ತೀರಿ?

ಮರಾಠಿಯಲ್ಲಿ ‘ಮೋರಿ ತುಂಬಲಿ’ ಎಂದರೆ ಬಚ್ಚಲ ಕೊಳವೆ ಕಟ್ಟಿಕೊಂಡಿತು ಎಂದರ್ಥ. ನಮ್ಮ ಕಿವಿಗೆ ಮಾತ್ರ ಅದು ಹಾರೈಕೆಯಂತೆ ಕೇಳುತ್ತದೆ. ನೌಕರಿಗಾಗಿ ಮೊದಲು ನಾಸಿಕ್‌ನ ಅಂಬಡದಲ್ಲಿ, ಈಗ ಛತ್ರಪತಿ ಸಂಭಾಜಿನಗರದ ವಾಳೂಜ್‌ನಲ್ಲಿ ಇರುವ ನನಗೆ ಎರಡೂ ಊರುಗಳಲ್ಲಿ ಈ ಹಾರೈಕೆ ಬೇಕಾದಷ್ಟು ಸಲ ಫಲಿಸಿದೆ.

ನಾಸಿಕ್‌ನಲ್ಲಿ ಜಿಡ್ಡಿನ ಕಾಟ. ಮಿಸಳ್‌ನ ತರ್ರಿ, ತುಪ್ಪ, ವನಸ್ಪತಿ ಎಲ್ಲ ಸಿಂಕಿನಲ್ಲಿ ಇಳಿದು, ತಣಿದು, ಅನ್ನದಗುಳನ್ನು ಹಿಡಿದುಕೊಂಡು ಕೊಳವೆಗೆ ಮೆತ್ತುತ್ತದೆ. ಸಂಭಾಜಿನಗರದ ಕಥೆ ಬೇರೆ. ಇಲ್ಲಿ ನಲ್ಲಿ ನೀರು ಹಲವು ದಿನಗಳಿಗೊಮ್ಮೆ. ಡ್ರಮ್ಮಿನ ನೀರನ್ನು ಚೊಂಬಿನಲ್ಲಿ ಅಳೆದು ಸುರಿಯುವಾಗ ಕೊಳವೆಯ ಕಸ ಮುಂದಕ್ಕೆ ಹೋಗುವುದಿಲ್ಲ. ನೀರು ಬಂದ ದಿನ ಇಡೀ ಕಟ್ಟಡ ಬಟ್ಟೆ ಒಗೆಯುತ್ತದೆ. ಕೆಳಮಹಡಿಯವರ ಬಚ್ಚಲಲ್ಲಿ ಎಲ್ಲರ ನೊರೆಯೂ ಮೇಲೆದ್ದು ಬರುತ್ತದೆ.

ತಕ್ಷಣ ಜನ ಓಡುವುದು ಆಸಿಡ್ ಬಾಟಲಿಗೆ. ಅದು ಜಿಡ್ಡನ್ನೂ ಕೂದಲನ್ನೂ ಸರಿಯಾಗಿ ಕರಗಿಸುವುದಿಲ್ಲ. ಮೊದಲೇ ಬ್ಲೀಚಿಂಗ್ ಪುಡಿ ಹಾಕಿದ್ದರೆ ಕ್ಲೋರಿನ್ ಅನಿಲ ಏಳುತ್ತದೆ, ಕಿರಿದಾದ ಬಚ್ಚಲುಮನೆಯಲ್ಲಿ ಅದು ಪ್ರಾಣಕ್ಕೇ ಅಪಾಯ. ಸಿಂಕಿನ ಕೆಳಗೆ ಬಕೆಟ್ ಇಟ್ಟು ಬಾಟಲ್ ಟ್ರ್ಯಾಪ್ ಬಿಚ್ಚಿ ತೊಳೆಯುವುದು ಹತ್ತು ನಿಮಿಷದ ಕೆಲಸ. ರಬ್ಬರಿನ ಪಂಪು, ಸ್ಪ್ರಿಂಗ್ ತಂತಿ ಎರಡೂ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತವೆ. ಇಂಜಿನಿಯರ್ ಮಹಾಶಯರೂ ಈ ಕೆಲಸಕ್ಕೆ ಕೈ ಹಾಕಬಹುದು, ಮರ್ಯಾದೆ ಹೋಗುವುದಿಲ್ಲ!

ಕಷ್ಟವಿರುವುದು ಮನೆಯ ಹೊರಗಿನ ಛೇಂಬರಿನಲ್ಲಿ. ನಾನು ಕುಳಿತ ಸೊಸೈಟಿ ಸಭೆಯೊಂದರಲ್ಲಿ ಒಬ್ಬರು, ‘ಯಂತ್ರ ಯಾಕೆ? ಐನೂರು ಕೊಟ್ಟರೆ ಹುಡುಗ ಇಳಿಯುತ್ತಾನೆ’ ಎಂದರು. ಯಾವ ಓಣಿಯ ಹುಡುಗ, ಯಾವ ಜಾತಿಯವನು ಎಂದು ಅಲ್ಲಿ ಯಾರೂ ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಮುಚ್ಚಿದ ಗುಂಡಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಇದ್ದರೆ ಒಂದೆರಡು ಉಸಿರಿಗೇ ಮನುಷ್ಯ ಕುಸಿಯುತ್ತಾನೆ, ಎತ್ತಲು ಇಳಿದವನೂ ಹೋಗುತ್ತಾನೆ. ರಕ್ಷಣಾ ಸಾಧನಗಳಿಲ್ಲದೆ ಹೀಗೆ ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ; ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಇಲ್ಲವೇ ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಒಳಚರಂಡಿ ಸಾವಿಗೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಹೇಳಿದೆ. ಈ ಕೆಲಸದ ವಿರುದ್ಧ ದೇಶದುದ್ದಕ್ಕೂ ಹೋರಾಡಿ 2016ರಲ್ಲಿ ಮ್ಯಾಗ್ಸೆಸೆ ಪಡೆದ ಬೆಜವಾಡ ವಿಲ್ಸನ್ ನಮ್ಮ ಕೋಲಾರ ಚಿನ್ನದ ಗಣಿಯವರು. ಬೆಂಗಳೂರು, ಹುಬ್ಬಳ್ಳಿಯ ಅಪಾರ್ಟ್‌ಮೆಂಟಿನವರೂ ಈ ಮಾತು ನೆನಪಿಟ್ಟುಕೊಳ್ಳಲಿ.

ಇನ್ನೊಂದು ಲೆಕ್ಕವಿದೆ. ನಾಸಿಕ್‌ನಿಂದ ಹರಿದ ಗೋದಾವರಿ ಪೈಠಣದ ಜಾಯಕವಾಡಿ ಅಣೆಕಟ್ಟಿಗೆ ಬರುತ್ತದೆ. ಸಂಭಾಜಿನಗರ ಕುಡಿಯುವುದು ಅದೇ ನೀರು. ಮೇಲಿನ ಊರಿನ ಸಿಂಕಿಗೆ ಸುರಿದದ್ದು ಕೆಳಗಿನವರಿಗೆ ಸಂಬಂಧವಿಲ್ಲದ್ದಲ್ಲ.

ಜೆಟ್ಟಿಂಗ್ ಯಂತ್ರದ ಬಾಡಿಗೆಯನ್ನು ಮನೆಗಳೆಲ್ಲ ಹಂಚಿಕೊಂಡರೆ ತಲೆಗೆ ಬೀಳುವುದು ಒಂದು ಹೋಟೆಲ್ ಊಟಕ್ಕಿಂತ ಹೆಚ್ಚೇನಲ್ಲ. ಸೆಪ್ಟಿಕ್ ಟ್ಯಾಂಕ್ ಮತ್ತು ಒಳಚರಂಡಿ ಸ್ವಚ್ಛತೆಗೆ ಸಹಾಯವಾಣಿಯೂ ಇದೆ: 14420. ಮುಂದಿನ ಸೊಸೈಟಿ ಸಭೆಯ ವಿಷಯಪಟ್ಟಿಯಲ್ಲಿ ಗಣಪತಿ ಚಂದಾದ ಮೇಲೆ ಇದನ್ನು ಬರೆಸಿ.